ದೇವೀರತ್ತೆಯ ಜೋಡಿ ಗಿಣಿ

ನಮ್ಮ ಸಿಂಧಘಟ್ಟಕ್ಕೆ ಬಸ್ಸು ಇನ್ನೂ ಬಾರದಿದ್ದ ಕಾಲ. ನನಗೆ ಒಂಬತ್ತು ವರ್ಷ. ಅಪ್ಪನ ತಂಗಿ ದೇವೀರತ್ತೆ ಇಪ್ಪತ್ತಕ್ಕೇ ಗಂಡನನ್ನು ಕಳೆದುಕೊಂಡು ನಮ್ಮ ಮನೆ ಸೇರಿದ್ದಳು. ತನ್ನದೆಂದು ಹೇಳಿಕೊಳ್ಳಲು ಅವಳಿಗಿದ್ದದ್ದು ಒಂದು ಬಿದಿರಿನ ಪಂಜರ, ಅದರಲ್ಲಿ ಎರಡು ಗಿಣಿ. ಗಾಳಿಗೆ ಉರುಳಿದ ಮರದ ಪೊಟರೆಯಲ್ಲಿ ಸಿಕ್ಕಿದ ಮರಿಗಳಿಗೆ ಅವಳೇ ನೆನೆಸಿದ ಕಡಲೆ ಅರೆದು ತಿನ್ನಿಸಿ ಬೆಳೆಸಿದ್ದಳು.

"ಜೋಡೀಲಿದ್ರೆ ಮಾತು ಕಲಿಯಾಕಿಲ್ಲ ಕಣವ್ವ, ಬ್ಯಾರೆ ಮಾಡ್ಬುಡು" ಎಂದು ಬಂದವರೆಲ್ಲ ಬುದ್ಧಿ ಹೇಳುತ್ತಿದ್ದರು.

"ಒಂಟಿ ಮಾಡಿ ಮಾತು ಕಲ್ಸಾದು ಯಾವ ನ್ಯಾಯ?" ಎನ್ನುವಳು ಅತ್ತೆ.

ಆ ಅವರೆಕಾಯಿ ಕಾಲವಿಡೀ ಬೆಳಿಗ್ಗೆ ಕಾಳು ಹಾಕುವ ಮುಂಚೆ ನಾವಿಬ್ಬರೂ ಪಂಜರದ ಆಚೀಚೆ ಕೂರುತ್ತಿದ್ದೆವು. ಅತ್ತೆ "ಯಾರ್ ಬಂದೋರು?" ಎನ್ನುವಳು, ನಾನು "ಒಳೀಕ್ ಬನ್ನಿ" ಎನ್ನುವೆ. ಕೈಗೆಲ್ಲ ಅವರೆ ಸೊಗಡು. ಗಿಣಿಗಳಿಗೆ ಹಸಿಮೆಣಸಿನಕಾಯಿ, ಸೀಬೆಹಣ್ಣಿನ ಲಂಚ. ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಒಂದು ಗಿಣಿ ಕೇಳಿಯೇಬಿಟ್ಟಿತು, ಇನ್ನೊಂದು ಕತ್ತು ಓರೆ ಮಾಡಿ ಉತ್ತರ ಕೊಟ್ಟಿತು. ಅತ್ತೆ ನಗುತ್ತ ನಗುತ್ತ ಅತ್ತುಬಿಟ್ಟಳು.

ಅಕ್ಕನ ಮದುವೆ ಮಾತಿಗೆ ನಾಗಮಂಗಲದಿಂದ ಬೀಗರು ಬಂದ ದಿನ ಅತ್ತೆ ಬಟ್ಟೆ ಒಗೆಯಲು ಕೆರೆಗೆ ಹೋಗಿದ್ದಳು. ಗಿಣಿಗಳ ಮಾತು ಕೇಳಿ ಬೀಗರು ತೊಡೆ ತಟ್ಟಿಕೊಂಡು ನಕ್ಕರು. ಅಪ್ಪ ಹಿಂದೆಮುಂದೆ ನೋಡಲಿಲ್ಲ.

"ಎಲ್ಡಿದ್ದಾವಲ್ಲ, ಒಂದ ತಗೊಂಡೋಗಿ ಬೀಗ್ರೇ."

"ಅತ್ತೇದು ಅದು!" ಎಂದು ಅಡ್ಡ ನಿಂತೆ. ಬೆನ್ನಿಗೆ ಅಪ್ಪನ ಗುದ್ದು ಬಿತ್ತು.

ಬೀಗರು ಗಿಣಿ ಹಿಡಿದುಕೊಂಡು ಹೋದ ಮೇಲೆ ಒದ್ದೆ ಬಟ್ಟೆ ಹೊತ್ತು ಬಂದ ಅತ್ತೆ ಪಂಜರ ನೋಡಿದಳು. "ನನ್ನೊಂದ್ಮಾತು ಕೇಳ್ಬಾರ್ದಿತ್ತಾ ಅಣ್ಣ?"

"ಒಂದು ಗಿಣಿ ಕೊಡಾಕೂ ನಿನ್ನಪ್ಪಣೆ ಬೇಕಾ? ನೀನು ತಿನ್ನೋ ಇಟ್ಟು ಯಾರ್ದು?"

ನೆನೆದರೆ ಈಗಲೂ ಮೈ ಉರಿಯುತ್ತದೆ. ಆ ಹಿಟ್ಟಿನ ರಾಗಿಗೆ ಕಳೆ ಕಿತ್ತವಳು ಅವಳು, ಕೊಯ್ದವಳು ಅವಳು, ಬೀಸಿದವಳು ಅವಳು. ಯಾರದೆಂದು ಕೇಳಬೇಕಾದವಳೂ ಅವಳೇ.

ಉಳಿದ ಗಿಣಿ ಮೂರು ದಿನ "ಯಾರ್ ಬಂದೋರು?" ಎಂದು ಕೂಗಿ ಕೂಗಿ ಕಾಯಿತು. ನಾನು ಉತ್ತರ ಕೊಟ್ಟರೆ ಮುಖ ತಿರುಗಿಸುತ್ತಿತ್ತು. ಕಾಳು ಮುಟ್ಟಲಿಲ್ಲ. ನಾಲ್ಕನೆಯ ದಿನ ಅತ್ತೆ ಅಪ್ಪನಿಗೆ ಹೇಳದೆ, ಪಂಜರ ಹಿಡಿದು, ನನ್ನನ್ನೂ ಕರೆದುಕೊಂಡು ನಾಗಮಂಗಲದ ಕಡೆ ಹೊರಟಿದ್ದ ಗಾಡಿ ಹತ್ತಿದಳು.

ಬೀಗರ ಅಂಗಳದಲ್ಲಿ ಕಾಲಿಡುತ್ತಲೇ ನಮ್ಮ ಗಿಣಿ ಕೂಗಿತು. ದನದ ಕೊಟ್ಟಿಗೆಯೊಳಗಿಂದ "ಒಳೀಕ್ ಬನ್ನಿ" ಎಂದು ಕೀರಲು ದನಿ ಬಂತು. ಮಾತೇ ಆಡಲಿಲ್ಲವೆಂದು ಅದನ್ನು ಅಲ್ಲಿ ನೇತುಹಾಕಿದ್ದರಂತೆ.

ವಾಪಸು ಕೇಳುತ್ತಾಳೆಂದು ನಾನು ಕಾದೆ. ಆದರೆ ಅಕ್ಕನ ಮದುವೆ ಇತ್ತಲ್ಲ.

"ಇದ್ನೂ ಮಡೀಕಳಿ. ಜೋಡಿ ಒಡೀಬ್ಯಾಡಿ" ಎಂದು ಅತ್ತೆ ಪಂಜರ ಇಳಿಸಿದಳು.

ಬೀಗರಿಗೆ ನಾಚಿಕೆಯಾಗಬೇಕಿತ್ತು. "ಇನ್ನೂ ಚೆಂದಾಯ್ತು ಬುಡಿ!" ಎಂದು ನಕ್ಕರು.

ಮನೆಗೆ ಬಂದಾಗ ಅಪ್ಪ ಕೇಳಿದ್ದು ಒಂದೇ ಮಾತು: "ಬೀಗ್ರು ಖುಸಿಯಾದ್ರಾ?"

ಅತ್ತೆ ಮತ್ತೆ ಹಕ್ಕಿ ಸಾಕಲಿಲ್ಲ. ಅಪ್ಪನ ಧಾರಾಳತನವನ್ನು ಊರಿನವರು ಇವತ್ತಿಗೂ ಹೊಗಳುತ್ತಾರೆ. ತನ್ನದಲ್ಲದ್ದನ್ನು ಎತ್ತಿ ಕೊಡುವುದು ಎಂಥ ಧಾರಾಳ? ಹಳೆಯ ಮನೆ ಬಿದ್ದುಹೋಯಿತು, ಊರಿನ ಮರಗಳು ಹೋದವು. ಅದಕ್ಕೆಲ್ಲ ನನಗೆ ಅಷ್ಟು ಸಂಕಟವಿಲ್ಲ. ಅಪ್ಪ ಹೊಲದಿಂದ ಬಂದರೆ ಓಡಿಹೋಗಿ ಕಾಲು ತಬ್ಬಿಕೊಳ್ಳುತ್ತಿದ್ದೆನಲ್ಲ, ಅದು ಆ ವರ್ಷವೇ ನಿಂತುಹೋಯಿತು. ಯಾಕೆಂದು ಅಪ್ಪ ಒಂದು ದಿನವೂ ಕೇಳಲಿಲ್ಲ.