ವನಜಕ್ಕನ ಅಪ್ಪೆಯ ಕಣ್ಣು

ಮಂಗಳೂರಿಗೆ ಬಂದ ಹನ್ನೊಂದನೆಯ ದಿನ ನನ್ನ ಕನ್ನಡಕದ ಪೆಟ್ಟಿಗೆಗೆ ಬೂಷ್ಟು ಬಂತು. ಚಪ್ಪಲಿ, ಪರ್ಸು, ಮಡಿಚಿಟ್ಟ ರೇಷ್ಮೆ ಸೀರೆ, ಎಲ್ಲದರ ಮೇಲೂ ಬೆಳ್ಳಗಿನ ಪದರ. ಮೂವತ್ತು ವರ್ಷ ದಿಲ್ಲಿಯಲ್ಲಿ ಇದೇ ಬೂಷ್ಟಿನ ಜೊತೆ ಹೋರಾಡುವುದು ನನ್ನ ಉದ್ಯೋಗವಾಗಿತ್ತು. ನಿವೃತ್ತಳಾಗಿ ಮಗಳ ಜೊತೆಗಿರಲು ಬಂದರೆ ಅದೂ ಹಿಂದೆಯೇ ಬಂದಿತ್ತು.

ಗದಗಿನಲ್ಲಿರುವ ನಿಮಗೆ, ನನ್ನ ಊರಿನವರಿಗೆ, ನನ್ನ ಕೆಲಸದ ಬಗ್ಗೆ ಸರಿಯಾಗಿ ಹೇಳಿದ್ದೇ ಇಲ್ಲ. ಹಳೆಯ ಚಿತ್ರಗಳನ್ನು ತೊಳೆದು ಉಳಿಸುವ ಕೆಲಸ; ಜಾಗ ರಾಷ್ಟ್ರೀಯ ಕಲಾ ಸಂಗ್ರಹಾಲಯ. ಸ್ವಾತಂತ್ರ್ಯ ಬಂದ ಮೇಲೆ, ರಾಜರೊಬ್ಬರ ಮನೆಯಾಗಿದ್ದ ಕಟ್ಟಡದಲ್ಲಿ ಶುರುವಾದದ್ದು. ಬ್ರಿಟಿಷ್ ಚಿತ್ರಕಾರರು ಬರೆದ ಕೋಟೆ, ನದಿಗಳು. ಸಂಸ್ಥಾನಗಳ ರಾಣಿಯರ ತೈಲಚಿತ್ರಗಳು. ಬಂಗಾಳದ ತೆಳುಬಣ್ಣದ ಚಿತ್ರಗಳು. ಆಮೇಲಿನವರ ದೊಡ್ಡ ದೊಡ್ಡ ಕ್ಯಾನ್ವಾಸುಗಳು. ಅಲ್ಲಿಗೆ ಬರುವ ಮೊದಲೇ ಎಷ್ಟೋ ಚಿತ್ರಗಳನ್ನು ಹಳೆಯ ಮಾಲೀಕರು ಯಾರು ಯಾರಿಂದಲೋ ತಿದ್ದಿಸಿದ್ದರು. ಒಬ್ಬ ರಾಣಿಯ ನಗುವನ್ನು ತೊಳೆದಾಗ ಕೆಳಗೆ ಬಿಗಿದ ತುಟಿ ಸಿಕ್ಕಿತು. ಅದಕ್ಕೇ ನಮ್ಮ ನಿಯಮ: ಉದುರಿದ್ದು ಉದುರಿತು, ಗೊತ್ತಿಲ್ಲದ್ದನ್ನು ಬರೆಯಬಾರದು.

ದಿಲ್ಲಿಯಲ್ಲಿ ಹನ್ನೆರಡು ವರ್ಷ ಒಂದೇ ಮೆಟ್ಟಿಲು ಹತ್ತಿದವರಿಗೆ ನನ್ನ ಹೆಸರು ಗೊತ್ತಿರಲಿಲ್ಲ. ಇಲ್ಲಿ ದೇರೆಬೈಲಿನಲ್ಲಿ ಕೆಳಮನೆಯ ಮಾಲಕಿ ವನಜಕ್ಕ ಎರಡನೆಯ ದಿನವೇ ನನ್ನ ಮಂಡಿನೋವಿನ ಪೂರ್ತಿ ಚರಿತ್ರೆ ಕೇಳಿ ತಿಳಿದುಕೊಂಡರು. ತುಳುವಿನಲ್ಲಿ ಬೈದು ಕನ್ನಡದಲ್ಲಿ ಸಮಾಧಾನ ಮಾಡುವ ಹೆಂಗಸು. ಒಂದು ಬೆಳಿಗ್ಗೆ ಪೇಪರಿನಲ್ಲಿ ಸುತ್ತಿದ ಚಿತ್ರವೊಂದನ್ನು ತಂದರು.

"ಮೇಡಂ, ಇದು ನಮ್ಮ ಅಪ್ಪೆ. ಸ್ವಲ್ಪ ಸರಿ ಮಾಡಿ ಕೊಡ್ತೀರಾ?"

ಅಪ್ಪೆ ಎಂದರೆ ತಾಯಿ. ಬೋರ್ಡು ಬರೆಯುವವರೊಬ್ಬರು ಬಿಡಿಸಿದ ಚಿತ್ರವಂತೆ. ಬೂಷ್ಟು ತಿಂದು ಎರಡೂ ಕಣ್ಣುಗಳ ಬಣ್ಣ ಉದುರಿತ್ತು. ಆಟಿ ತಿಂಗಳಲ್ಲಿ, ಅಂದರೆ ನಮ್ಮ ಆಷಾಢದ ಹೊತ್ತಿಗೆ, ಇಲ್ಲಿಯವರು ತೀರಿಹೋದವರಿಗೆ ಎಲೆ ಹಾಕಿ ಬಡಿಸುತ್ತಾರೆ. ಅವರು ಬಂದು ಉಣ್ಣಲಿ ಎಂದು ಬಾಗಿಲು ಎಳೆದುಕೊಂಡು ಹೊರಗೆ ಕಾಯುತ್ತಾರೆ. ವನಜಕ್ಕನ ಮನೆಯಲ್ಲಿ ಅದು ಬರುವ ಭಾನುವಾರ.

"ಕಣ್ಣಿಲ್ಲದೆ ಅಪ್ಪೆ ಎಲೆ ನೋಡುವುದು ಹೇಗೆ? ಬಿಡಿಸಿ ಮಾರಾಯ್ರೆ."

"ಫೋಟೋ ಉಂಟಾ?" ನನ್ನ ಬಾಯಿಗೂ 'ಉಂಟು' ಬಂದುಬಿಟ್ಟಿತ್ತು.

"ಎಂತದ್ದೂ ಇಲ್ಲ. ಅಪ್ಪೆ ಹೋಗುವಾಗ ನನಗೆ ಆರು ವರ್ಷ. ಸೀರೆಯ ಅಂಚು ನೆನಪುಂಟು, ಮುಖ ಇಲ್ಲ."

ತೊಳೆದು ಕೊಡುತ್ತೇನೆ, ಬರೆಯಲಾರೆ ಎಂದು ನಿಯಮ ಹೇಳಿದೆ.

"ನಿಮ್ಮ ಮ್ಯೂಸಿಯಮ್ಮಿಗೆ ಬರುವುದು ನೋಡುವವರು. ಇಲ್ಲಿ ಬರುವುದು ಅಪ್ಪೆ," ಎಂದರು ವನಜಕ್ಕ. ನಾನು ಚಿತ್ರವನ್ನು ಒಳಗೆ ತೆಗೆದುಕೊಂಡೆ.

ಶನಿವಾರ ಜಲವರ್ಣ ತೆಗೆದೆ. ಒದ್ದೆ ಹತ್ತಿಯಿಂದ ಒರೆಸಿದರೆ ಹೋಗುತ್ತದೆ ಎಂದು ನನಗೆ ನಾನೇ ನೆಪ ಹೇಳಿಕೊಂಡೆ. ಕುಂಚ ಬಿಡಿಸಿದ್ದು ಸ್ವಲ್ಪ ಇಳಿದ ಎಡರೆಪ್ಪೆ, ಆಗತಾನೇ ಒಲೆಯ ಮುಂದಿನಿಂದ ಎದ್ದು ಬಂದಂಥ ಕಣ್ಣು. ಅದು ನನ್ನ ಅವ್ವನದು. ಅವ್ವ ಗದಗಿನಲ್ಲಿ ತೀರಿಕೊಂಡಾಗ ನಾನು ದಿಲ್ಲಿಯಲ್ಲಿದ್ದೆ. ರೈಲು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಒಬ್ಬಳೇ ಮಗಳು ನಾನು. ನಾಚಿಕೆಯಾಯಿತು. ಆದರೂ ಒರೆಸಲಿಲ್ಲ.

ವನಜಕ್ಕ ತುಂಬ ಹೊತ್ತು ನೋಡಿದರು. "ಹೌದು, ಅಪ್ಪೆಯೇ," ಎಂದು ಸೆರಗಿನಿಂದ ಮೂಗು ಒರೆಸಿಕೊಂಡರು. ನಾನು ಚಿತ್ರವನ್ನು ಮತ್ತೆ ಪೇಪರಿನಲ್ಲಿ ಸುತ್ತಿ ಅವರ ಕೈಗಿಟ್ಟೆ.

ಭಾನುವಾರ ಚಿತ್ರದ ಮುಂದೆ ಎಲೆ ಹಾಕಿ ಬಡಿಸಿ ಬಾಗಿಲು ಎಳೆದರು. ಎಲ್ಲರ ಜೊತೆ ನಾನೂ ಹೊರಗೆ ಕುಳಿತೆ. ವನಜಕ್ಕನ ತಮ್ಮ ಮಾತಿಗೆಂದು ಕೇಳಿದರು: "ಮೇಡಂ, ನಿಮ್ಮ ಊರಲ್ಲಿ ನಿಮ್ಮ ಅಮ್ಮನಿಗೆ ಯಾರು ಬಡಿಸುವುದು?"

ಯಾರೂ ಇಲ್ಲ ಎನ್ನಬೇಕೆಂದು ಬಾಯಿ ತೆರೆದೆ. ಒಳಗೆ ಎಲೆ ನೋಡುತ್ತಿದ್ದದ್ದು ಅವ್ವನ ಕಣ್ಣು; ಆ ಹೊತ್ತಿಗೆ ಆ ಮಾತು ಸುಳ್ಳಾಗುತ್ತಿತ್ತು.