ಬೂದಿಯಲ್ಲಿ ಸಿಕ್ಕ ಪಟ್ಟಿ

ಮೊನ್ನೆ ಹಲ್ಲಿನ ವೈದ್ಯರು ನನ್ನ ದವಡೆಗೆ ಎಂಥದ್ದು ಹಾಕುತ್ತಾರೆಂದು ತೋರಿಸಲು ಟೈಟೇನಿಯಂ ತಿರುಪೊಂದನ್ನು ಅಂಗೈ ಮೇಲಿಟ್ಟರು. ಲೋಹ ಅನ್ನುವಷ್ಟು ತೂಕವೇ ಇರಲಿಲ್ಲ. ಪಾಲಹಳ್ಳಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಮಾವ ನೆನಪಾದರು...

ಮಾವ ಕಬ್ಬಿನ ಗಾಡಿಯಿಂದ ಬಿದ್ದು ಮೊಣಕಾಲಿನ ಕೆಳಗೆ ಮೂಳೆ ಮುರಿದುಕೊಂಡಿದ್ದರು. ಆಸ್ಪತ್ರೆಗೆ ಸೇರಿಸಿ ಓಡಾಡಿದವನು ಅವರ ಬಾಮೈದ. ಮೂಳೆಗೆ ಟೈಟೇನಿಯಂ ಪಟ್ಟಿ ಹಾಕಿಸಿದ್ದೇನೆ, ತುಕ್ಕು ಹಿಡಿಯುವುದಿಲ್ಲ, ಮೈಗೆ ಒಗ್ಗುತ್ತದೆ ಎಂದು ಅವನೇ ಹೇಳಿದ. ಮಾವ ನಂಬಲಿಲ್ಲ. ಅಗ್ಗದ ಸ್ಟೀಲು ಹಾಕಿಸಿ ತಾವು ಕೊಟ್ಟ ದುಡ್ಡಿನಲ್ಲಿ ಮಿಕ್ಕದ್ದನ್ನು ನುಂಗಿದ್ದಾನೆ ಎಂಬ ಗುಮಾನಿ.

ಜಗಲಿಯಲ್ಲಿ ಕೂತು ಹಳೆಯ ಸ್ಪೀಕರಿನ ಅಯಸ್ಕಾಂತವನ್ನು ಕಾಲಿಗೆ ಒತ್ತಿ ಹಿಡಿಯುತ್ತಿದ್ದರು.

"ಅಂಟ್ತದಾ ನೋಡ್ಲಾ, ಓದ್ದೋನು ನೀನು."

"ಅಂಟಲ್ಲ ಮಾವ. ಆದ್ರೆ ಮೂಳೆಗೆ ಹಾಕೋ ಸ್ಟೀಲೂ ಅಂಟಲ್ಲ. ಇದ್ರಿಂದ ಏನೂ ಗೊತ್ತಾಗಲ್ಲ."

"ಅಂಗಾದ್ರೆ ಸ್ಟೀಲೇ ಕಣ್ಲಾ! ನೀನೇ ಒಪ್ಕಂಡಂಗಾಯ್ತಲ್ಲ!"

ಒಳಗಿಂದ ಅತ್ತೆ, "ಮೂಳೆ ಕೂಡ್ಕತು, ಈ ಯಪ್ಪನ ಮನ್ಸು ಕೂಡ್ಕಳ್ಳಿಲ್ಲ ನೋಡಪ್ಪ" ಅಂದರು.

ಬಾಮೈದನಿಗೆ ಆ ಮನೆಯ ಬಾಗಿಲು ಮುಚ್ಚಿತು. ಗೌರಿಹಬ್ಬಕ್ಕೆ ಅವನು ತಂದ ತವರಿನ ಬಾಗಿನವೂ ಹೊಸಿಲಿಂದಲೇ ವಾಪಸಾಯಿತು.

ಕೆಲವು ವರ್ಷಗಳಾದ ಮೇಲೆ ಮಾವ ತೀರಿಕೊಂಡರು. ಮೂರನೆಯ ದಿನ ಹಾಲು ಚಿಮುಕಿಸಿ ಅಸ್ಥಿ ಆಯುವಾಗ ಬೂದಿಯಲ್ಲಿ ಪಟ್ಟಿ ಸಿಕ್ಕಿತು. ಕರಗಿರಲಿಲ್ಲ, ಸೊಟ್ಟಗಾಗಿರಲಿಲ್ಲ. ಅಂಚಿನಲ್ಲಿ ನೀಲಿ ಛಾಯೆ ಇತ್ತೆಂದು ನೆನಪು, ಆದರೆ ಕಾದ ಸ್ಟೀಲೂ ನೀಲಿಯಾಗುತ್ತದೆ... ಅಷ್ಟು ಹೊತ್ತು ದೂರ ನಿಂತಿದ್ದ ಬಾಮೈದ ಅದನ್ನೆತ್ತಿ ನನ್ನ ಕೈಗಿಟ್ಟ.

"ಅಕ್ಕನ ಮುಂದೇನೇ ಏಳ್ಬುಡಿ ಸಾ, ಏನಿದು ಅಂತ."

ಅದೇ ಅಳತೆಯ ಸ್ಟೀಲು ಹೆಚ್ಚುಕಡಿಮೆ ಎರಡರಷ್ಟು ತೂಗಬೇಕು. ಕೈಯಲ್ಲಿ ಆಡಿಸಿ ನೋಡಿ, "ಹಗುರ ಇದೆ, ಟೈಟೇನಿಯಮ್ಮೇ" ಅಂದೆ. ಅತ್ತೆ ತಮ್ಮನ ಹೆಗಲಿಗೆ ತಲೆಯಿಟ್ಟು ಅತ್ತರು. ಅಸ್ಥಿಯ ಜೊತೆ ಪಟ್ಟಿಯನ್ನೂ ಕಾವೇರಿಯ ಪಶ್ಚಿಮವಾಹಿನಿಯಲ್ಲಿ ಬಿಟ್ಟೆವು.

ನಿಜಕ್ಕೂ ಹಗುರವಿತ್ತೇ? ಹೋಲಿಸಲು ಕೈಯಲ್ಲಿ ಬೇರೇನೂ ಇರಲಿಲ್ಲ. ಎದುರಿಗೆ ಅತ್ತೆಯ ಮುಖವಿತ್ತು. ಪದವಿ ಪಡೆದವನ ಅಂಗೈಯೂ ತಕ್ಕಡಿಯಲ್ಲ.

ತಡೆಯಲಾರದೆ ಈ ಸಂಜೆ ಬಾಮೈದನಿಗೆ ಫೋನು ಮಾಡಿದೆ. "ಆ ಪಟ್ಟಿ ನಿನಗೂ ಹಗುರ ಅನ್ನಿಸಿತ್ತಾ?"



"ನಾನೆಲ್ಲಿ ತೂಗ್ದೆ ಸಾ, ಎತ್ತಿ ನಿಮ್ ಕೈಗಿಟ್ಟೆ ಅಷ್ಟೇಯ. ನೀವೇಳುದ್ರಿ, ಅಕ್ಕ ನಂಬುದ್ಲು. ಭಾವ ಒಬ್ರು ಕೇಳುಸ್ಕಳ್ಳಿಲ್ಲ."