ಕಲ್ಲಿನ ಬಲಗೈ ಯಾವುದು?

ನಾನು ಓದಿದ್ದು ಪಳೆಯುಳಿಕೆಗಳ ಬಗ್ಗೆ, ಹುಟ್ಟಿ ಬೆಳೆದದ್ದು ತುಮಕೂರಿನಲ್ಲಿ. ಇವೆರಡರ ನಡುವಿನ ವಿರಸ ಭೂವಿಜ್ಞಾನ ಬಲ್ಲವರಿಗೆ ಮಾತ್ರ ತಿಳಿಯುತ್ತದೆ. ಮೀನುಗಾರಿಕೆಯಲ್ಲಿ ಪದವಿ ಪಡೆದು ಪಾವಗಡದಲ್ಲಿ ಮನೆ ಮಾಡಿದ ಹಾಗೆ ಅದು. ನಮ್ಮ ಕಡೆಯ ಬಂಡೆಗಳಿಗೆ ಇನ್ನೂರೈವತ್ತು, ಮುನ್ನೂರು ಕೋಟಿ ವರ್ಷ ವಯಸ್ಸು. ಅವು ಹುಟ್ಟಿದ ಕಾಲಕ್ಕೆ ಭೂಮಿಯ ಮೇಲೆ ಮೂಳೆಯಿಲ್ಲ, ಚಿಪ್ಪಿಲ್ಲ, ಹಲ್ಲಿಲ್ಲ, ಎಲೆಯೂ ಇಲ್ಲ. ಸತ್ತ ಮೇಲೆ ಗುರುತು ಉಳಿಸಿ ಹೋಗಬೇಕೆಂಬ ಚಪಲ ಜೀವಕ್ಕೆ ಇನ್ನೂ ಅಂಟಿರಲಿಲ್ಲ.

ಇದನ್ನು ಬಸ್ಸಿನಲ್ಲಿ ಸಿಕ್ಕ ಪರಿಚಯದವರಿಗೆ ವಿವರಿಸುವುದು ಕಷ್ಟ. "ಏನಮ್ಮ ಓದಿರೋದು?" ಎನ್ನುತ್ತಾರೆ. "ಜಿಯಾಲಜಿ" ಎನ್ನುತ್ತೇನೆ. ಕೂಡಲೇ ಮುಖ ಅರಳುತ್ತದೆ. "ಓ, ಬೋರ್‌ವೆಲ್ ಪಾಯಿಂಟ್ ತೋರಿಸೋದು! ನಮ್ಮ ತೋಟಕ್ಕೆ ಒಂದ್ಸಲ ಬಂದು ನೋಡಮ್ಮ." ನಾನು ನೀರು ತೋರಿಸುವವಳಲ್ಲ, ಎಂದೋ ಬತ್ತಿಹೋದ ಸಮುದ್ರಗಳನ್ನು ಹುಡುಕುವವಳು ಎಂದರೆ ಮುಖ ಮತ್ತೆ ಮೊದಲಿನಂತಾಗುತ್ತದೆ. ಬತ್ತಿದ ಬಾವಿಗಳೇ ಬೇಕಾದಷ್ಟಿರುವಾಗ ಬತ್ತಿದ ಸಮುದ್ರ ಯಾರಿಗೆ ಬೇಕು?

ಆದರೂ ಈ ಶಾಸ್ತ್ರದ ಮೇಲೆ ನನಗೆ ಬಲವಾದ ಅಭಿಮಾನವಿದೆ. ಅದರ ಚರಿತ್ರೆಯೆಲ್ಲ ಒಂದೇ ಪ್ರಶ್ನೆಯ ಚರಿತ್ರೆ. ಈ ಕಲ್ಲು ಒಮ್ಮೆ ಜೀವವಾಗಿತ್ತೇ, ಅಥವಾ ಜೀವದ ಹಾಗೆ ಕಾಣುವ ಬರಿಯ ಕಲ್ಲೇ? ಯುರೋಪಿನಲ್ಲಿ ಬೆಟ್ಟಗಳ ಮೇಲೆ ನಾಲಗೆಯ ಆಕಾರದ ಕಲ್ಲುಗಳು ಸಿಗುತ್ತಿದ್ದವು. ಅವು ನೆಲದೊಳಗೆ ತಾವಾಗಿಯೇ ಬೆಳೆಯುತ್ತವೆ, ಪ್ರಕೃತಿ ಆಟಕ್ಕೆಂದು ಮಾಡಿದ ಗೊಂಬೆಗಳು ಎಂದು ದೊಡ್ಡ ದೊಡ್ಡ ಪಂಡಿತರೇ ನಂಬಿದ್ದರು. ಕೊನೆಗೊಬ್ಬ ವೈದ್ಯ ಶಾರ್ಕ್ ಮೀನಿನ ತಲೆ ಕೊಯ್ದು ನೋಡಿದಾಗ ಅದರ ಬಾಯಿ ತುಂಬ ಅದೇ 'ನಾಲಗೆ'ಗಳು! ಕಲ್ಲಾಗಿದ್ದದ್ದು ಹಲ್ಲು. ನಾವು ಈ ವಿಷಯದಲ್ಲಿ ಯುರೋಪಿಗಿಂತ ಜಾಣರು. ಹಲ್ಲೋ ನಾಲಗೆಯೋ ಎಂದು ಜಗಳವಾಡುವ ಬದಲು ಪೂಜೆಗೆ ಇಟ್ಟುಕೊಂಡೆವು. ನಮ್ಮ ಬೀದಿಯ ಅರ್ಚಕರ ಮನೆಯ ಸಾಲಿಗ್ರಾಮದಲ್ಲಿರುವ ಚಕ್ರ ಒಂದು ಕಡಲ ಜೀವಿಯ ಚಿಪ್ಪಿನ ಅಚ್ಚು ಎಂದು ನಾನು ಹೇಳಿದಾಗ ಅವರು ಒಂದಿಷ್ಟೂ ಕಲಕಲಿಲ್ಲ. "ಕಡಲಲ್ಲೇ ಅಲ್ವೇನಮ್ಮ ಸ್ವಾಮಿ ಮಲಗಿರೋದು?" ಎಂದರು.

ಎಂಬತ್ತರ ದಶಕದ ಆರಂಭದಲ್ಲಿ ನಾನು ಬೆಂಗಳೂರಿನಲ್ಲಿ ಎಂ.ಎಸ್ಸಿ. ಎರಡನೆಯ ವರ್ಷದಲ್ಲಿದ್ದೆ. ಪ್ರಬಂಧಕ್ಕೆ ಒಂದು ವಿಷಯ ಬೇಕಿತ್ತು. ಮೂಳೆ ಚಿಪ್ಪುಗಳಿಗಿಂತ ಬಹಳ ಮುಂಚೆ, ಆಳವಿಲ್ಲದ ಸಮುದ್ರಗಳಲ್ಲಿ ಪಾಚಿಯಂಥ ಲೋಳೆಜೀವಿಗಳು ಪದರದ ಮೇಲೆ ಪದರ ಕಟ್ಟಿ ಕಲ್ಲಿನ ಗುಪ್ಪೆಗಳನ್ನು ಬೆಳೆಸಿದ್ದವೆಂದು ಆ ಹೊತ್ತಿಗೆ ಪಾಠವಾಗಿತ್ತು. ಸುಣ್ಣದ ಕಲ್ಲು ಇರುವ ಕಡೆ ಹುಡುಕಬೇಕು. ಗುಬ್ಬಿ ದಾಟಿ ಸಿ.ಎಸ್. ಪುರದ ಕಡೆ ಸುಣ್ಣದ ಕಲ್ಲು ಇದೆ. ಆ ಕಡೆಯ ಹಳ್ಳಿಯೊಂದರಲ್ಲಿ ನನ್ನ ದೊಡ್ಡಮ್ಮನೂ ಇದ್ದರು. ಸಂಶೋಧನಾ ಕ್ಷೇತ್ರದ ಆಯ್ಕೆಯಲ್ಲಿ ಊಟ ವಸತಿಯ ಪಾತ್ರವನ್ನು ಯಾವ ಪ್ರಬಂಧವೂ ಒಪ್ಪಿಕೊಳ್ಳುವುದಿಲ್ಲ. ನನ್ನದೂ ಒಪ್ಪಿಕೊಳ್ಳಲಿಲ್ಲ.

ಬೇರೆ ಕಡೆ ಹುಡುಕಿದ್ದು ದೊಡ್ಡಮ್ಮನ ತೆಂಗಿನ ತೋಟದ ಅಂಚಿನಲ್ಲೇ ಸಿಕ್ಕಿತು. ಆಳೆತ್ತರದ ಬೂದು ಬಣ್ಣದ ಬಂಡೆ, ಮೂಡಣಕ್ಕೆ ಮುಖ ಮಾಡಿ ಗೋಡೆಯಂತೆ ನೇರ ನಿಂತಿತ್ತು. ಮೇಲೆಲ್ಲ ಧೂಳು, ಕಲ್ಲುಹೂವು. ಅಂಗೈ ಅಗಲ ಕೆರೆದು ನೋಡಿದೆ. ಕೊಯ್ದ ಈರುಳ್ಳಿಯಲ್ಲಿ ಕಾಣುವ ಹಾಗೆ ಬಾಗಿದ ಗೆರೆಗಳು, ಒಂದರೊಳಗೊಂದು. ಸುತ್ತಲಿನ ಇಂಥ ಬಂಡೆಗಳೆಲ್ಲ ಎಂದೋ ಸುಣ್ಣದ ಗೂಡಿಗೆ ಹೋಗಿ ಊರಿನ ಗೋಡೆಗಳಿಗೆ ಬಳಿಸಿಕೊಂಡಿದ್ದವು. ಉಳಿದದ್ದು ಇದೊಂದೇ.

"ಏನವ್ವ, ಕಲ್ಲಿಗೆ ಕನ್ನಡಕ ಹಾಕಿ ನೋಡ್ತಾ ಇದೀಯ?" ಎಂದರು ದೊಡ್ಡಪ್ಪ, ನನ್ನ ಕೈಯ ಭೂತಗನ್ನಡಿ ಕಂಡು. "ಚೆನ್ನಾಗಿ ನೋಡ್ಕೊ. ಬರೋ ವಾರ ಒಡಿಸ್ತಾ ಇದೀನಿ. ಪಂಪ್‌ಸೆಟ್ ಮನೆಗೆ ತಳಪಾಯ ಆಗ್ಬೇಕು."

ಇಲ್ಲಿ ನನಗೆ ಭಾಷೆಯ ತೊಂದರೆ ಬಂತು. ನಮ್ಮ ಪಾಠವೆಲ್ಲ ಇಂಗ್ಲಿಷಿನಲ್ಲಿ. ಈ ಕಲ್ಲಿಗಿದ್ದ ಉದ್ದನೆಯ ಗ್ರೀಕ್ ಹೆಸರನ್ನು ದೊಡ್ಡಪ್ಪನ ಮುಂದೆ ಹೇಳಿ ಏನು ಪ್ರಯೋಜನ? ಗಾಬರಿಯಲ್ಲಿ, "ಒಡೀಬೇಡಿ ದೊಡ್ಡಪ್ಪ, ಇದು ಅಂತಿಂಥ ಕಲ್ಲಲ್ಲ. ಯಾರೂ ಕೆತ್ತಿದ್ದಲ್ಲ, ಬೆಳೆದಿದ್ದು. ಇದರಲ್ಲಿ ಜೀವ ಇತ್ತು" ಎಂದೆ. ಅವರು ಕಲ್ಲನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಒಡೆಸುವುದಿಲ್ಲ ಎಂದರು. ಬಹಳ ಸುಲಭವಾಗಿ ಗೆದ್ದೆ ಎಂದುಕೊಂಡು ಬಸ್ಸು ಹತ್ತಿದೆ.

ಬೆಂಗಳೂರಿನಲ್ಲಿ ನನ್ನ ಪ್ರಾಧ್ಯಾಪಕರು ನಾನು ಬರೆದುಕೊಂಡು ಬಂದಿದ್ದ ಬಂಡೆಯ ಚಿತ್ರ ನೋಡಿ ತಲೆಯಾಡಿಸಿದರು. ಬಾಗಿದ ಪದರಗಳಿದ್ದ ಮಾತ್ರಕ್ಕೆ ಜೀವವಿತ್ತೆಂದು ಅರ್ಥವಲ್ಲ. ಗಡಸು ನೀರು ಕಾಯಿಸಿ ಕಾಯಿಸಿ ಬಚ್ಚಲ ಹಂಡೆಯ ಒಳಗೂ ಪದರ ಕಟ್ಟುತ್ತದೆ, ಅದನ್ನು ಯಾವ ಜೀವಿಯೂ ಕಟ್ಟಿದ್ದಲ್ಲ. ನಿನ್ನ ಕಲ್ಲು ಪಾಚಿಯದ್ದೋ ಹಂಡೆಯದ್ದೋ ತಿಳಿಯಬೇಕಾದರೆ ಒಂದು ಚೂರನ್ನು ಬೆಳಕು ದಾಟುವಷ್ಟು ತೆಳ್ಳಗೆ ಉಜ್ಜಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಚೂರು ತಂದರೆ ಪ್ರಬಂಧ. ತರದಿದ್ದರೆ ಈ ವಿಷಯ ಬಿಟ್ಟು, ನಿನ್ನ ಸಹಪಾಠಿಯ ಗ್ರಾನೈಟ್ ನಕ್ಷೆಯಲ್ಲಿ ಅರ್ಧ ಹಂಚಿಕೋ. ಹೀಗೆಂದು ಅವರು ಬಾಗಿಲು ತೋರಿಸಿದರು. ಇನ್ನೊಬ್ಬರ ನಕ್ಷೆಯಲ್ಲಿ ಅರ್ಧ ಹಂಚಿಕೊಳ್ಳುವುದು ಇನ್ನೊಬ್ಬರ ಮನೆಯಲ್ಲಿ ಸೇರು ಒದೆಯುವುದಕ್ಕಿಂತ ಹೆಚ್ಚಿನ ಹೊಂದಾಣಿಕೆ ಬೇಡುತ್ತದೆ. ನನಗೆ ನನ್ನದೇ ಕಲ್ಲು ಬೇಕಿತ್ತು.

ಸುತ್ತಿಗೆ ಹಿಡಿದು ಮತ್ತೆ ಹೋದಾಗ ಬಂಡೆಯ ಮೇಲೆ ತೆಂಗಿನ ಗರಿಯ ಚಪ್ಪರ ಎದ್ದಿತ್ತು. ಕಲ್ಲಿಗೆ ಅರಿಶಿನ ಕುಂಕುಮ, ಕಣಗಿಲೆ ಹೂವಿನ ಹಾರ. ಬುಡದಲ್ಲಿ ಒಡೆದ ತೆಂಗಿನಕಾಯಿಯ ಹೋಳು. ಹೆಸರೂ ಆಗಿತ್ತು: ಬೆಳೆಗಲ್ಲಮ್ಮ. ಪೂಜೆ ದೊಡ್ಡಮ್ಮನದೇ.

"ಇದೇನು ದೊಡ್ಡಮ್ಮ?" ಎಂದೆ.

"ನೀನೇ ಅಲ್ವೇನೇ ಉದ್ಭವ ಅಂತ ಹೇಳಿ ಹೋಗಿದ್ದು?"

"ನಾನು ಉದ್ಭವ ಅನ್ನಲಿಲ್ಲ. ಬೆಳೆದಿದ್ದು ಅಂದೆ."

"ಯಾರೂ ಕೆತ್ತಿಲ್ಲ, ಬೆಳೀತು, ಜೀವ ಐತೆ ಅಂದ್ರೆ ಉದ್ಭವ ಅಲ್ದೆ ಇನ್ನೇನೇ ಅದು? ಅಷ್ಟು ಓದಿದೀಯ, ಕನ್ನಡ ಮರ್ತೋಯ್ತಾ?"

"ಜೀವ ಐತೆ ಅಲ್ಲ, ಇತ್ತು ಅಂದಿದ್ದು" ಎಂದೆ. ಆದರೆ ಇನ್ನೂರೈವತ್ತು ಕೋಟಿ ವರ್ಷದ ಅಂತರ ಹೊರಲು ನಮ್ಮ 'ಇದೆ' ಮತ್ತು 'ಇತ್ತು'ಗಳ ನಡುವಿನ ಸಂದಿ ತೀರ ಕಿರಿದು. ಅದಕ್ಕಿಂತ ತಮಾಷೆಯ ಮಾತೆಂದರೆ, ಕಲ್ಲು ತಾನಾಗಿ ನೆಲದಲ್ಲಿ ಬೆಳೆಯುತ್ತದೆ ಎಂಬ ಯಾವ ಹಳೆಯ ನಂಬಿಕೆಯನ್ನು ಅಲ್ಲಗಳೆದು ನನ್ನ ಶಾಸ್ತ್ರ ಹುಟ್ಟಿತ್ತೋ, ಆ ಶಾಸ್ತ್ರದ ಪ್ರತಿನಿಧಿಯಾಗಿ ಬಂದ ನಾನು ಅದನ್ನೇ ಒಂದು ಹಳ್ಳಿಯಲ್ಲಿ ಸ್ಥಾಪಿಸಿ ಹೋಗಿದ್ದೆ. ಸ್ಥಾಪನೆಗೆ ಗಟ್ಟಿ ಕಲ್ಲನ್ನೂ ಒದಗಿಸಿದ್ದೆ.

ಒಂದು ಚೂರು ಬೇಕು ಎಂದೆ. ದೊಡ್ಡಪ್ಪ ತೆಂಗಿನ ಮರದ ತುದಿ ನೋಡತೊಡಗಿದರು. ದೊಡ್ಡಮ್ಮ, "ನನ್ನ ಕೇಳಿದ್ರೆ? ಅವಳ್ನ ಕೇಳು" ಎಂದು ಬಂಡೆ ತೋರಿಸಿದರು. ನಮ್ಮ ಕಡೆ ದೇವರನ್ನು ಕೇಳುವ ಕ್ರಮ ಗೊತ್ತಲ್ಲ. ಮೂರ್ತಿಯ ಬಲಕ್ಕೂ ಎಡಕ್ಕೂ ಒದ್ದೆ ಹೂವು ಅಂಟಿಸಿ ಕಾಯುವುದು. ಬಲದ ಹೂವು ಬಿದ್ದರೆ ಒಪ್ಪಿಗೆ, ಎಡದ್ದು ಬಿದ್ದರೆ ಇಲ್ಲ. ಬಲ ಎಂದರೆ ನೋಡುವವರ ಬಲವಲ್ಲ, ದೇವರ ಬಲ. ನಾನು ವಾದಿಸಲಿಲ್ಲ. ಕಲ್ಲನ್ನು ಪ್ರಶ್ನೆ ಕೇಳುವುದು, ಅದು ಹೌದು ಅಥವಾ ಇಲ್ಲ ಎನ್ನುವವರೆಗೆ ಕಾಯುವುದು, ಇದಕ್ಕಿಂತ ಬೇರೆ ಏನನ್ನೂ ನನಗೆ ವಿಶ್ವವಿದ್ಯಾಲಯ ಕಲಿಸಿರಲಿಲ್ಲ.

ದೊಡ್ಡಮ್ಮ ಬಿಂದಿಗೆಯಿಂದ ಬಂಡೆಯ ನೆತ್ತಿಯ ಮೇಲೆ ನೀರು ಸುರಿದು ಹೂವು ಅಂಟಿಸಿದರು. ಪಕ್ಕದ ತೋಟದ ಪುಟ್ಟಕ್ಕ ಬಂದು ಸೊಂಟಕ್ಕೆ ಕೈಕೊಟ್ಟು ನಿಂತರು. "ತಾಯಿ, ಈ ಹುಡುಗಿ ನಿನ್ನಿಂದ ಒಂದು ಚೂರು ತಗೊಂಡೋಗ್ಬೇಕು ಅಂತಾಳೆ. ಒಪ್ಪಿಗೆನಾ?" ಎಂದು ದೊಡ್ಡಮ್ಮ ಕೇಳಿದರು. ಎಲ್ಲರೂ ಹೂವು ನೋಡುತ್ತಿದ್ದರು. ನಾನು ಕಲ್ಲು ನೋಡುತ್ತಿದ್ದೆ. ವಾರಗಟ್ಟಲೆಯ ಅಭಿಷೇಕದಿಂದ ಧೂಳು ಹೋಗಿ, ಒದ್ದೆ ಮೈಯಲ್ಲಿ ಗೆರೆಗಳೆಲ್ಲ ನಿಚ್ಚಳವಾಗಿ ಎದ್ದಿದ್ದವು. ಆಗ ಒಂದು ಸಂಗತಿ ಕಣ್ಣಿಗೆ ಬಿತ್ತು.

ಈ ಜೀವಿಗಳು ಬೆಳಕಿನ ಕಡೆಗೆ, ಮೇಲಕ್ಕೆ ಉಬ್ಬುತ್ತ ಬೆಳೆಯುತ್ತವೆ. ಹಾಗಾಗಿ ಅವುಗಳ ಪದರಗಳು ಬೋರಲು ಹಾಕಿದ ಬಟ್ಟಲುಗಳಂತೆ ಒಂದರ ಮೇಲೊಂದು ಕಾಣಬೇಕು. ಇಲ್ಲಿ ಬಟ್ಟಲುಗಳೆಲ್ಲ ಅಂಗಾತ ಇದ್ದವು. ಅಂದರೆ ಇಡೀ ಬಂಡೆ ತಲೆಕೆಳಗಾಗಿತ್ತು. ಇದರಲ್ಲಿ ಪವಾಡವೇನೂ ಇಲ್ಲ. ಭೂಮಿ ಮಗ್ಗುಲು ಬದಲಿಸುವಾಗ ಪದರಗಳನ್ನು ಜಮಖಾನೆಯಂತೆ ಮಡಚಿಬಿಡುತ್ತದೆ. ಯುರೋಪಿನ ಪರ್ವತಗಳಲ್ಲಿ ಹಳೆಯ ಪದರ ಹೊಸದರ ಮೇಲೆ ಕುಳಿತಿದ್ದನ್ನು ಕಂಡು ವಿದ್ವಾಂಸರು ಒಂದು ತಲೆಮಾರು ಕಿತ್ತಾಡಿದ್ದುಂಟು. ಕುಣಿಗಲ್ಲಿನ ಕುದುರೆ ಫಾರಂನಲ್ಲಿ ಪ್ರತಿ ಮರಿಯ ಅಪ್ಪ, ತಾತ, ಮುತ್ತಾತ ಯಾರೆಂದು ಕೇಳಿದ ಕೂಡಲೇ ಹೇಳುತ್ತಾರಂತೆ. ನಮ್ಮ ಕಲ್ಲುಗಳ ವಂಶಾವಳಿಯಲ್ಲಿ ಎಷ್ಟೋ ಸಲ ಮೊಮ್ಮಗನ ಹೆಗಲ ಮೇಲೆ ಮುತ್ತಾತ ಕುಳಿತಿರುತ್ತಾನೆ.

"ಬಿತ್ತು!" ಎಂದರು ಪುಟ್ಟಕ್ಕ.

ಬಿದ್ದದ್ದು ನಮ್ಮ ಬಲಗಡೆಯ ಹೂವು. ದೇವರ ಎಡ. ಒಪ್ಪಿಗೆ ಇಲ್ಲ.

"ಆಯ್ತು ಬುಡು" ಎಂದು ದೊಡ್ಡಮ್ಮ ಬಿಂದಿಗೆ ಎತ್ತಿಕೊಂಡರು. ದೊಡ್ಡಪ್ಪ ನಿಟ್ಟುಸಿರು ಬಿಟ್ಟು, "ಇನ್ನೊಂದ್ಸಲ ಕೇಳೇ, ಪಾಪ" ಎಂದರು.

"ಬೇಕಾದ್ದು ಬರೋಗಂಟ ಕೇಳೋಕೆ ಅವಳೇನು ಅಂಗಡಿ ಇಟ್ಕೊಂಡವಳಾ?" ಎಂದರು ಪುಟ್ಟಕ್ಕ.

ನನ್ನ ಪ್ರಬಂಧ ಆ ಒದ್ದೆ ಹೂವಿನ ಜೊತೆ ನೆಲಕ್ಕೆ ಬಿದ್ದಿತ್ತು. ಮೇಲೆತ್ತಲು ನನ್ನಲ್ಲಿ ಒಂದು ನಿಜವಿತ್ತು. ಆದರೆ ಅದನ್ನು ಹೇಳುವುದೆಂದರೆ, ನೀವು ಇಷ್ಟು ದಿನ ಪೂಜಿಸಿದ ದೇವಿ ತಲೆಕೆಳಗಾಗಿ ನಿಂತಿದ್ದಾಳೆ ಎನ್ನುವುದು. ಪುಟ್ಟಕ್ಕನ ಸೊಂಟದ ಮೇಲಿನ ಕೈ ನೋಡಿದೆ. ಮನೆಯಲ್ಲೂ ತರಗತಿಯಲ್ಲೂ ನನಗೆ ಮಾತು ಕಡಿಮೆ ಎಂದೇ ಹೆಸರು. ಆದರೆ ಮೇಲು ಯಾವುದು, ಕೆಳಗು ಯಾವುದು ಎಂಬ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

"ದೊಡ್ಡಮ್ಮ, ಅದು ಎಡಗಡೆ ಅಲ್ಲ. ಅಮ್ಮ ತಲೆ ಕೆಳಗೆ ಮಾಡಿ ನಿಂತಿದ್ದಾಳೆ" ಎಂದೆ.

ಬಟ್ಟಲುಗಳ ಗೆರೆಯನ್ನು ಬೆರಳಿನಿಂದ ತೋರಿಸಿದೆ. ಬೆಳೆಯುವ ಕಡೆ ಉಬ್ಬಿರಬೇಕು, ಉಬ್ಬು ಕೆಳಗಿದೆ ಎಂದೆ. "ಹೌದಲ್ವಾ" ಎಂದರು ದೊಡ್ಡಪ್ಪ. "ಅದಕ್ಕೂ ಎಡ ಬಲಕ್ಕೂ ಏನವ್ವ?" ಪಂಪಿನ ಪಕ್ಕ ಹಗ್ಗದ ಮೇಲೆ ಅವರ ಅಂಗಿ ಎದೆಭಾಗ ನಮ್ಮ ಕಡೆ ಮಾಡಿ, ತಲೆಕೆಳಗಾಗಿ ಒಣಗುತ್ತಿತ್ತು. "ದೊಡ್ಡಪ್ಪ, ನಿಮ್ಮ ಜೇಬು ಯಾವ ಕಡೆ?" "ಎಡಕ್ಕೆ." "ನೀವು ಅಂಗಿ ಹಾಕ್ಕೊಂಡು ನನ್ನೆದುರು ನಿಂತರೆ ಜೇಬು ನನಗೆ ಬಲಗಡೆ ಕಾಣುತ್ತೆ. ಈಗ ಹಗ್ಗದ ಮೇಲೆ ನೋಡಿ." ಎಲ್ಲರೂ ನೋಡಿದರು. ಜೇಬು ನಮ್ಮ ಎಡಕ್ಕಿತ್ತು. ಎಡ ಎಡಕ್ಕೆ ಬಂದ ಮೇಲೆ ಬಲವೂ ಬಲಕ್ಕೇ ಬರಬೇಕು. ಬಿದ್ದ ಹೂವು ಅಮ್ಮನ ಬಲಗೈಯದು.

ಪುಟ್ಟಕ್ಕ ಅಂಗಿಯನ್ನೂ ಬಂಡೆಯನ್ನೂ ಎರಡು ಸಲ ನೋಡಿ, "ಹಂಗಾದ್ರೆ ಇಷ್ಟು ದಿನ ನಾವು ಹೂವು ಇಟ್ಟಿದ್ದು ಕಾಲಿಗಾ?" ಎಂದರು. ಧ್ವನಿಯಲ್ಲಿ ದಿಗಿಲಿತ್ತು.

ದೊಡ್ಡಮ್ಮ ಬಿಂದಿಗೆ ಕೆಳಗಿಟ್ಟರು. ಬಂಡೆಯನ್ನು ಬುಡದಿಂದ ತುದಿಯವರೆಗೆ ನೋಡಿದರು. ನನ್ನ ಮೌಖಿಕ ಪರೀಕ್ಷೆಯಲ್ಲೂ ನಾನು ಅಷ್ಟು ಹೆದರಿ ನಿಂತಿರಲಿಲ್ಲ.

"ಹೂವು ಇನ್ನೆಲ್ಲಿಗೆ ಇಡ್ತಾರೆ ಪುಟ್ಟಕ್ಕ? ಪಾದಕ್ಕೇ ತಾನೆ? ಸರಿಯಾಗೇ ನಿಂತವಳೆ ನಮ್ಮಮ್ಮ. ಬಗ್ಗೋಕಾಗದ ಮುದುಕೀರ್ಗೆ ಪಾದ ಕೈಗೆ ಸಿಗ್ಲಿ ಅಂತ ಮೇಲಕ್ಕೆ ಮಾಡವಳೆ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಪಾದ ಮುಟ್ಟಬ್ಯಾಡ ಕಣೇ. ಕೆಳಗಡೆ, ತಲೆ ತಾವ ತಗೊ. ಮುಡಿ ಕೊಟ್ಟಂಗೆ ಆಯ್ತದೆ."

ಮಂಡಿಯೂರಿ, ಬುಡದಲ್ಲಿ, ದೇವಿಯ ನೆತ್ತಿಯಿಂದ ಮುಷ್ಟಿಗಾತ್ರದ ಚೂರು ತೆಗೆದೆ. ಅಷ್ಟು ವಿನಯದಿಂದ ಸುತ್ತಿಗೆ ಬೀಸಿದ ಭೂವಿಜ್ಞಾನಿ ಆ ಜಿಲ್ಲೆಯಲ್ಲಿ ಹಿಂದೆ ಇದ್ದಿರಲಾರರು. ಆ ಬಿಸಿಲಿನಲ್ಲಿ ನನಗೆ ಒಂದು ಮಾತು ಹೊಳೆಯಿತು, ಈಗಲೂ ಅದನ್ನು ನಂಬುತ್ತೇನೆ. ಮೇಲು ಕೆಳಗು ಯಾವುದೆಂದು ಕಲ್ಲೇ ಹೇಳುತ್ತದೆ. ಎಡ ಬಲ ಮಾತ್ರ ನಾವು ನಾವೇ ಒಪ್ಪಿ ಮಾಡಿಕೊಳ್ಳಬೇಕು. ವಿದ್ವಾಂಸರು ಒಂದನ್ನು ಇನ್ನೊಂದೆಂದು ತಿಳಿದಾಗಲೆಲ್ಲ ದೊಡ್ಡ ದೊಡ್ಡ ಜಗಳಗಳಾಗಿವೆ.

ಚೂರನ್ನು ಉಜ್ಜಿ ನೋಡಿದೆವು. ಹಂಡೆಯ ಪದರದಂತೆ ನಯವಾಗಿರದೆ, ಕೆನೆ ಸುಕ್ಕುಗಟ್ಟಿದ ಹಾಗೆ ಕಪ್ಪು ಎಳೆಗಳಿದ್ದವು. ಪ್ರಾಧ್ಯಾಪಕರು ಬಹಳ ಹೊತ್ತು ನೋಡಿ, "ಜೀವದ್ದೇ ಇರಬಹುದು" ಎಂದರು. ಪ್ರಬಂಧ ನನ್ನದೇ ಹೆಸರಿನಲ್ಲಿ ಹೋಯಿತು, ಒಪ್ಪಿಗೆಯೂ ಆಯಿತು. ಅವರ ಬಾಯಲ್ಲಿ 'ಇರಬಹುದು' ಎಂಬುದು ಎಷ್ಟು ದೊಡ್ಡ ಮಾತೆಂದು ನಮ್ಮ ವಿಭಾಗದಲ್ಲಿ ಎಲ್ಲರಿಗೂ ಗೊತ್ತಿತ್ತು. ದೊಡ್ಡಮ್ಮನಿಗೆ ಗೊತ್ತಿರಲಿಲ್ಲ.

"ಏನಂದ್ರೇ ನಿಮ್ಮ ಮೇಷ್ಟ್ರು?" ಎಂದು ಕೇಳಿದರು, ನಾನು ಸುದ್ದಿ ಹೇಳಲು ಹೋದಾಗ.

"ಜೀವ ಇದ್ದಿರಬಹುದು ಅಂದ್ರು."

"ಇರಬೌದು? ಬಲಕ್ಕೆ ಬಿತ್ತಾ, ಎಡಕ್ಕೆ ಬಿತ್ತಾ, ಸರಿಯಾಗಿ ಹೇಳು."

ನಾನು ಯೋಚಿಸಿ, ನನಗೆ ತಿಳಿದಷ್ಟು ನಿಖರವಾಗಿ ಹೇಳಿದೆ: "ಬಲಕ್ಕೆ ವಾಲಿದೆ ದೊಡ್ಡಮ್ಮ. ಇನ್ನೂ ಬಿದ್ದಿಲ್ಲ."

"ವಾಲಿದ್ರೆ ಸಾಕು ಬುಡು. ಬೀಳೋಗಂಟ ಯಾರು ಕಾಯ್ತಾರೆ? ಮುದ್ದೆ ಆರೋಯ್ತದೆ, ಏಳು."

ಕಾಯುವುದೇ ನಮ್ಮ ಕೆಲಸ ಎಂದು ಹೇಳಬಹುದಿತ್ತು. ಎದ್ದು ಕೈ ತೊಳೆದುಕೊಂಡೆ.